ಕಸಿದ ಕಡ್ಡಿಗಳು

ಅತ್ತಿಗೆ ಐದನೆಯ ಕುಂಡದ ಕಡ್ಡಿಯನ್ನೂ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ, ಆರನೆಯದಕ್ಕೆ ಕೈ ಹಾಕುವಷ್ಟರಲ್ಲಿ ರೇಡಿಯೋನ ಹೆಂಡತಿ ಹಿತ್ತಲ ಬಾಗಿಲಿಗೆ ಬಂದಳು.

"ಅತ್ತಿಗೆ, ಸಾಕು. ನಿಲ್ಲಿಸಿ."

ಕತ್ತರಿ ಅಲ್ಲೇ ನಿಂತಿತು. ಅದು ರೇಡಿಯೋನ ಅಂಗಡಿಯದು. ರೇಡಿಯೋ ಎಂದರೆ ಕಟಿಂಗ್ ಶಾಪಿನವನು. ನಲವತ್ತು ವರ್ಷ ಗಿರಾಕಿಗಳ ತಲೆಯ ಮೇಲೆ ಕತ್ತರಿಯನ್ನೂ ಕಿವಿಯೊಳಗೆ ಮಾತನ್ನೂ ಬಿಡದೆ ಆಡಿಸಿದ್ದಕ್ಕೆ ಊರು ಕೊಟ್ಟ ಹೆಸರು. ಮೊನ್ನೆ ಮಧ್ಯಾಹ್ನ ಗಿರಾಕಿಯ ಕುರ್ಚಿಯಲ್ಲಿ "ಎರಡೇ ನಿಮಿಷ" ಎಂದು ಕೂತವನು ಮತ್ತೆ ಏಳಲಿಲ್ಲ. ಈಗ ನಡುಮನೆಯಲ್ಲಿ ಮಲಗಿದ್ದಾನೆ. ಹನ್ನೊಂದು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುತ್ತದೆ.

"ಒಣಗಿದ್ದನ್ನ ತೆಗೀತಿದೀನಿ ಅಷ್ಟೇ," ಎಂದಳು ಅತ್ತಿಗೆ, ರೇಡಿಯೋನ ಅಕ್ಕ. "ಹತ್ತು ಜನ ಬರೋ ಹೊತ್ತು. ನೋಡು, ಕೆಳಗೆ ಎಷ್ಟು ಚೆನ್ನಾಗಿ ಚಿಗುರಿದೆ, ಮೇಲೆ ಬರೀ ಕೊರಡು. ಪಾಪ, ನನ್ನ ತಮ್ಮನಿಗೆ ಪುರುಸೊತ್ತೇ ಆಗಿಲ್ಲ."

"ಆ ಕೊರಡೇ ಸೇಬಿನ ಗಿಡ, ಅತ್ತಿಗೆ. ಕೆಳಗಿರೋದು ಬರೀ ಬುಡ."

ಕಾಡುಸೇಬಿನ ಬುಡ, ಅದರ ನೆತ್ತಿ ಸೀಳಿ ಕೂರಿಸಿದ ಪೆನ್ಸಿಲ್ ಗಾತ್ರದ ಕಡ್ಡಿ, ನಡುವೆ ಬಿಗಿಯಾಗಿ ಸುತ್ತಿದ ಟೇಪು. ಬುಡ ತನ್ನಷ್ಟಕ್ಕೆ ಚಿಗುರುತ್ತದೆ. ಆ ಚಿಗುರನ್ನು ದಿನಾ ಚಿವುಟಿ, ಸತ್ತಂತೆ ಕಾಣುವ ಕಡ್ಡಿಯನ್ನು ಕಾಯಬೇಕು. ಗೊತ್ತಿಲ್ಲದವರ ಕಣ್ಣಿಗೆ ಎಲ್ಲ ತಿರುಗುಮುರುಗು. ಎರಡು ದಿನದಿಂದ ಯಾರೂ ಚಿವುಟಿರಲಿಲ್ಲ.

"ಅಯ್ಯೋ, ನನಗೇನು ಗೊತ್ತು," ಎಂದು ಅತ್ತಿಗೆ ಕತ್ತರಿಯನ್ನು ಕೆಳಗಿಟ್ಟಳು. ಅಳು ಬಂದರೆ ಪೊರಕೆ ಹಿಡಿಯುವ ಹೆಂಗಸು ಅವಳು. ಬೆಳಗಿನಿಂದ ಮನೆಯನ್ನು ಮೂರು ಸಲ ಗುಡಿಸಿದ್ದಳು.

ರೇಡಿಯೋನ ಹೆಂಡತಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು. ಗಂಡ ಅರ್ಧಕ್ಕೆ ಬಿಟ್ಟುಹೋದ ಕೆಲಸ ಇದೊಂದೇ. ಪಕ್ಕದ ಮನೆಯ ಬಡಗಿ ಇವತ್ತು ಬಂದೇ ಬರುತ್ತಾನೆ, ಜಗಳವಿದ್ದರೂ ಸಾವಿಗೆ ಬಾರದಿರುವವನಲ್ಲ. ಅವನ ಕೈಗೆ ಏನು ಕೊಡುವುದು? ಉಳಿದ ಒಂದು ಕುಂಡವನ್ನು ಎತ್ತಿಕೊಂಡು ಒಳಗೆ ಹೋಗಿ, ಗಂಡನ ತಲೆಯ ಬಳಿ ತನ್ನ ಪಕ್ಕದಲ್ಲೇ ಇಟ್ಟುಕೊಂಡು ಕೂತಳು.

*

ರೇಡಿಯೋನಿಗೂ ಬಡಗಿಗೂ ಎಣ್ಣೆ ಸೀಗೆಕಾಯಿ. ಕಾರಣ, ಗೋಡೆಯಾಚೆಯ ಸೇಬಿನ ಮರ. ಬಡಗಿಯ ಅಪ್ಪ ಕಸಿ ಕಟ್ಟಿ ಬೆಳೆಸಿದ ಮರ. ಹುಳಿಯ ಹಿಂದೆಯೇ ಸಿಹಿ ಬರುವ ಅದರ ಹಣ್ಣು ಪೇಟೆಯಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ಎಲೆ ಉದುರಿ ರೇಡಿಯೋನ ಮನೆಯ ನೀರಿನ ಕೊಳವೆ ಕಟ್ಟಿಕೊಳ್ಳುತ್ತಿತ್ತು, ಬೇರು ಗೋಡೆಯನ್ನು ಸೀಳಿತ್ತು. ಮರ ಕಡಿಸಿ ಎಂದು ರೇಡಿಯೋ ಪುರಸಭೆಯ ಕಚೇರಿಗೆ ಅರ್ಜಿಯ ಮೇಲೆ ಅರ್ಜಿ ಬರೆದ. ನಾಲ್ಕು ವರ್ಷ ಯಾರೂ ಕದಲಲಿಲ್ಲ. ಈ ಚಳಿಗಾಲ ಬಡಗಿಗೆ ನೋಟಿಸ್ ಬಂದೇ ಬಿಟ್ಟಿತು. ಬಡಗಿ ಆಳುಗಳನ್ನು ಕರೆಯಲಿಲ್ಲ. ತಾನೇ ಗರಗಸ ಹಿಡಿದು, ಊಟದ ಹೊತ್ತಿಗೆ ಅಪ್ಪನ ಮರವನ್ನು ಉರುಳಿಸಿದ.

ಗೆದ್ದವನು ಅಂದು ಅಂಗಡಿಯ ಬಾಗಿಲು ತೆರೆಯಲಿಲ್ಲ. ಹಿತ್ತಲಲ್ಲಿ ನಿಂತು ಗರಗಸದ ಸದ್ದು ಕೇಳಿದ. ಅದು ನಿಂತ ಮೇಲೆ ಗೋಡೆಯೀಚೆ ಬಿದ್ದಿದ್ದ ರೆಂಬೆಗಳಿಂದ ಆರು ಕಡ್ಡಿ ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟ. ತರಕಾರಿ ತೆಗೆಯಲು ಹೋದ ಹೆಂಡತಿಗೆ ಸಂಜೆಯೇ ಸಿಕ್ಕಿಬಿದ್ದ.

"ಏನ್ರೀ ಇದು?"

"ಕಸಿ ಮಾಡೋಕೆ."

"ಕಸಿ ಮಾಡೋಕಾ, ಇಲ್ಲ ಕಸಿದುಕೊಂಡು ಬಂದಿದ್ದಾ?"

ರೇಡಿಯೋ ನಗಲಿಲ್ಲ. "ಎರಡೂ ಹೌದು. ಅವನಿಂದ ಕಸಿದದ್ದನ್ನ ಕಸಿ ಮಾಡಿ ಅವನಿಗೇ ಕೊಡ್ತೀನಿ."

"ಅದರ ಬದಲು ಹೋಗಿ ತಪ್ಪಾಯ್ತು ಅನ್ನಿ. ಊರಿಗೆಲ್ಲ ಮಾತಾಡ್ತೀರಲ್ಲ."

"ಗಿರಾಕಿ ಹತ್ರ ಮಾತಾಡೋದು ಸುಲಭ ಕಣೇ. ಅವರ ಮುಖ ಕನ್ನಡೀಲಿರುತ್ತೆ. ಎದುರೆದುರು ನಿಂತ್ರೆ ನಂಗೆ ಬಾಯೇ ಬರಲ್ಲ. ಎಲೆ ಬಿಡ್ಲಿ, ಕುಂಡಾನ ಗೋಡೆ ಮೇಲಿಡ್ತೀನಿ. ಆ ಎಲೆ ನೋಡಿದ್ರೆ ಅವನಿಗೆ ಗೊತ್ತಾಗುತ್ತೆ."

ಮೂರು ವಾರದ ಹಿಂದೆ ಅಡುಗೆಮನೆಯ ಮೇಜಿನ ಮೇಲೆ ಕಸಿ ಕಟ್ಟಿದ್ದ. ಯಾವ ಗಿರಾಕಿಗೂ ಗೀರು ತಾಗಿಸದವನು ಅಂದು ಎರಡು ಬೆರಳು ಕುಯ್ದುಕೊಂಡ. ಆಮೇಲೆ ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಒಂದೊಂದು ಕಡ್ಡಿಯಲ್ಲೂ ಚಿಗುರೊಡೆಯಬೇಕಾದ ಕಣ್ಣನ್ನು ನೋಡುವುದು, ಹೆಂಡತಿಯನ್ನು ಕೂಗಿ "ಊದಿಕೊಂಡಿದೆ ಅಲ್ವಾ?" ಎನ್ನುವುದು. ಅವಳಿಗೆ ಏನೂ ಕಾಣುತ್ತಿರಲಿಲ್ಲ, ಆದರೂ ಹೂಂ ಎನ್ನುತ್ತಿದ್ದಳು.

*

ಹತ್ತೂವರೆಗೆ ಬಡಗಿ ಬಂದ. ಅಂಗಳದ ಕುರ್ಚಿಗಳಲ್ಲಿ ಗುಸುಗುಸು ನಿಂತಿತು. ರೇಡಿಯೋನ ಮಗ ಬಾಗಿಲಿಗೆ ಅಡ್ಡ ನಿಂತ.

"ಮರ ಕಡಿದ ದಿನ 'ನಿನ್ನ ಮನೆ ಹಾಳಾಗ' ಅಂತ ಗೋಡೆ ಮೇಲಿಂದ ಕೂಗಿದ್ದು ನೀವೇ ಅಲ್ವಾ?"

"ಹೌದು. ಅಂದೆ."

"ಮತ್ತೆ ಈಗ ಆಗಿದ್ದನ್ನ ನೋಡೋಕೆ ಬಂದ್ರಾ?"

ಬಡಗಿ ಮುಂದೆ ಬರಲೂ ಇಲ್ಲ, ಹಿಂದೆ ಹೋಗಲೂ ಇಲ್ಲ. ಅವನ ದವಡೆ ಬಿಗಿದಿತ್ತು. ಮಗನ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತ್ತು. ಇನ್ನೊಂದು ಮಾತು ಬಿದ್ದರೆ ಹೆಣದ ಮುಂದೆಯೇ ಕೈಕೈ ಮಿಲಾಯಿಸುವಂತಿತ್ತು.

"ದಾರಿ ಬಿಡು," ಎಂದಳು ತಾಯಿ. "ಅವರದ್ದೊಂದು ನಮ್ಮ ಮನೇಲಿದೆ."

ಅವಳು ಎದ್ದು ಕುಂಡವನ್ನು ಬಡಗಿಯ ಕೈಗಿಟ್ಟಳು. "ನಿಮ್ಮಪ್ಪನ ಮರದ್ದು, ಅಣ್ಣ. ಆರು ಕಟ್ಟಿದ್ರು. ನಿಮಗೆ ಅಂತಾನೇ. ಹೇಳೋಕೆ ಬಾಯಿ ಬರಲಿಲ್ಲ ಅವರಿಗೆ."

ಬಡಗಿ ಬಗ್ಗಿ ಕಡ್ಡಿಯನ್ನು ನೋಡಿದ. ಆಮೇಲೆ ಹೆಬ್ಬೆರಳ ಉಗುರಿನಿಂದ ಅದರ ತೊಗಟೆಯನ್ನು ಕೂದಲೆಳೆಯಷ್ಟು ಕೆರೆದ. ಒಳಗೆ ಹಸಿರಿರಲಿಲ್ಲ, ಕಂದು ಬಣ್ಣ.

"ಇದು ಹಿಡಿದಿಲ್ಲ, ತಂಗಿ. ಸತ್ತು ವಾರವಾಗಿದೆ."

ಮೊನ್ನೆಯಿಂದ ಅತ್ತಿರದವಳು ಈಗ ಅತ್ತಳು. ಕಾದಿಟ್ಟುಕೊಂಡ ಒಂದೂ ಹೋಗಿತ್ತು. ಮಗ ಬಂದು ತಾಯಿಯನ್ನು ಹಿಡಿದುಕೊಂಡ.

"ಉಳಿದ ಐದು ಎಲ್ಲಿ?" ಎಂದ ಬಡಗಿ.

ಮೂಲೆಯಿಂದ ಅತ್ತಿಗೆ, "ನಾನು ಕತ್ತರಿಸಿಬಿಟ್ಟೆ. ಒಣಗಿದೆ ಅಂದ್ಕೊಂಡೆ," ಎಂದಳು.

"ಎಷ್ಟು ಹೊತ್ತಿಗೆ?"

"ಎಂಟಾಗಿತ್ತೇನೋ."

"ಬಿಸಿಲಲ್ಲಿ ಬಿದ್ದಿವೆಯಾ?"

"ಇಲ್ಲ. ಕಸದ ಬುಟ್ಟೀಲಿ. ಮೇಲೆ ನೆಲ ಒರೆಸಿದ ಒದ್ದೆ ಬಟ್ಟೆ ಹಾಕಿದೀನಿ."

ಬಡಗಿ ಸತ್ತವನ ಕಡೆ ಒಮ್ಮೆಯೂ ನೋಡದೆ, ನಡುಮನೆಯನ್ನು ದಾಟಿ ಸೀದಾ ಹಿತ್ತಲಿಗೆ ನಡೆದ. ಬುಟ್ಟಿಯನ್ನು ಬೋರಲು ಹಾಕಿದ ಸದ್ದು ಎಲ್ಲರಿಗೂ ಕೇಳಿಸಿತು. "ಕೈ ಕೂಡ ಮುಗಿಯಲಿಲ್ಲವಲ್ಲ," ಎಂದರು ಯಾರೋ. ಅಷ್ಟರಲ್ಲಿ ಗಾಡಿ ಬಂತು.

ರೇಡಿಯೋನನ್ನು ಎತ್ತಿ ಹೊರಗೆ ತಂದರು. ಹಳೆಯ ಗಿರಾಕಿಗಳು ಒಬ್ಬರಾದ ಮೇಲೊಬ್ಬರು ಅವನ ಬಗ್ಗೆ ಒಂದೆರಡು ಮಾತು ಹೇಳಿದರು. ಬದುಕಿದ್ದಾಗ ಅವನು ಅವರಿಗೆ ಅಷ್ಟು ಅವಕಾಶ ಕೊಟ್ಟಿರಲಿಲ್ಲ. ಮಗ ಸುತ್ತ ನೋಡಿದ. ಬಡಗಿ ಇರಲಿಲ್ಲ. ಚಾಲಕ ಹಾರ್ನ್ ಬಾರಿಸಿದ. ಮಗ ಸಿಟ್ಟಿನಿಂದ ಮನೆಯೊಳಗೆ ಹಿಂತಿರುಗಿದ, ತಾಯಿ ಅವನ ಹಿಂದೆಯೇ ಓಡಿದಳು.

ಬಡಗಿ ಗೋಡೆಯ ನೆರಳಿನಲ್ಲಿ, ಕುಂಡಗಳ ನಡುವೆ, ಇವರಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದ.

"ಸ್ಮಶಾನಕ್ಕೆ ಬರೋದು ಬೇಡ," ಎಂದ ಮಗ. "ಒಂದು ಮಾತಾದ್ರೂ ಆಡಿ. ಕ್ಷಮಿಸಿದೀನಿ ಅನ್ನಿ, ಇಲ್ಲ ಅನ್ನಿ. ಏನಾದ್ರೂ ಅನ್ನಿ."

ಬಡಗಿ ತಿರುಗಲಿಲ್ಲ.

"ನಿಮ್ಮನ್ನೇ ಕೇಳ್ತಿರೋದು."

ಮಗ ಸುತ್ತುಹಾಕಿ ಅವನ ಎದುರಿಗೆ ಹೋಗಿ ನಿಂತ. ಬಡಗಿಯ ಒಂದು ಕೈಯಲ್ಲಿ ಚಾಕು, ಇನ್ನೊಂದು ಕೈಯಲ್ಲಿ ಹೊಸದಾಗಿ ಸೀಳಿದ ಬುಡ. ಐದೂ ಕಡ್ಡಿಗಳನ್ನು ಒಣಗದ ಹಾಗೆ ತುಟಿಗಳ ನಡುವೆ ಇಟ್ಟುಕೊಂಡಿದ್ದ. ಕೆರೆದ ಜಾಗದಲ್ಲಿ ಒಂದೊಂದೂ ಹಸಿರಾಗಿತ್ತು. ಕಣ್ಣಿಂದ ಇಳಿದ ನೀರು ಕೆನ್ನೆಯ ಮೇಲಿಂದ ಕಡ್ಡಿಗಳ ತನಕ ಬಂದಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಹೊರಗೆ ಹಾರ್ನ್ ಮತ್ತೆ ಕೂಗಿತು. ಬಡಗಿ ಚಾಕುವನ್ನು ಮಂಡಿಯ ಮೇಲಿಟ್ಟು, ಬಾಯಿಂದ ಒಂದು ಕಡ್ಡಿಯನ್ನು ತೆಗೆದುಕೊಂಡ. ಇನ್ನೂ ನಾಲ್ಕಿದ್ದವು.