ಪಾರ್ಸಲ್ ಬೇಡ, ಇಲ್ಲೇ ಕೂಡ್ತೀನಿ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? 'ಆದವಾನಿ ಸ್ಟೇಷನ್ನಿನಲ್ಲಿ ರೈಲು ಬಂದು ನಿಂತಿತು' ಎಂದು ಬರೆದಾಯಿತು, ಹೊಡೆದು ಹಾಕಿಯೂ ಆಯಿತು. ರೈಲು ದಿನಾ ಬರುತ್ತದೆ, ಅದಕ್ಕೆ ಕಥೆ ಬೇಕಿಲ್ಲ. 'ಫಿಲಿಪೈನ್ಸ್ ಎಂಬುದು ದ್ವೀಪಗಳ ದೇಶ' ಎಂದರೆ ಜಾಗ್ರಫಿ ಪಾಠವಾಗುತ್ತದೆ. ಹಾಗಾದರೆ ಸಿಟ್ಟಿನಿಂದಲೇ ಶುರುವಾಗಲಿ.

ಮಥುರಾಬಾಯಿಗೆ ಸಿಟ್ಟು ಬಂದಿದೆ. ಬಿ.ಎ. ಪಾಸಾಗಿ ಮನೆಯಲ್ಲಿ ಕೂತವಳು, ಬಂದವರ ಮುಂದೆ ಬಾಯಿ ಬಿಡದವಳು, ಆಡದೆ ಉಳಿದ ಮಾತನ್ನೆಲ್ಲ ಡೈರಿಗೆ ಹೇಳುವವಳು. ಅವಳ ಸಿಟ್ಟು ಯಾರಿಗೂ ಕಾಣುವುದಿಲ್ಲ, ಪೆನ್ನಿನ ನಿಬ್ಬು ಮುರಿಯುತ್ತದೆ ಅಷ್ಟೆ.

(ಓದುಗರೇ, ಸಿಟ್ಟು ಹೋಟೆಲಿನ ಒಂದು ಬೆಂಚಿಗಾಗಿ. ಪ್ರೇಮ ಗೀಮ ಬರಬಹುದೆಂದು ಕಾಯುವವರು ಈಗಲೇ ಎದ್ದು ಹೋಗಬಹುದು.)

೨
ಮನೆಯ ಹಿತ್ತಲ ಕಟ್ಟೆಗೆ ಹುಸೇನಮ್ಮ ಬಂದು ಕೂಡುತ್ತಿದ್ದಳು. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುವ ಹೆಂಗಸು. ತಲೆಗೂದಲಲ್ಲಿ ಯಾವಾಗಲೂ ಒಂದೆರಡು ಎಳೆ ಹತ್ತಿ. ಅವಳ ಗಂಡ ದಸ್ತಗಿರಿ ಕುವೈತಿನ ಒಂದು ಕ್ಯಾಂಪಿನ ಅಡುಗೆಮನೆಯಲ್ಲಿದ್ದ. ಊರ ಶಾಲೆಯಲ್ಲಿ ಕಲಿತ ತೆಲುಗಿನಲ್ಲಿ ಅವನು ಬರೆದ ಕಾಗದ ಓದಿ ಹೇಳುವುದು, ಇವಳು ಹೇಳಿದ್ದನ್ನು ತೆಲುಗಿನಲ್ಲಿ ಬರೆದು ಕೊಡುವುದು ಮಥುರಾಳ ಪಾಲಿಗೆ ಬಂದಿತ್ತು.

ಒಮ್ಮೆ ದಸ್ತಗಿರಿ ಎರಡು ಸಾಲು ಬರೆದ: ಇಲ್ಲೊಬ್ಬ ಫಿಲಿಪೈನ್ ಅಡುಗೆಯವನಿದ್ದಾನೆ, ಅಕ್ಕಿ ಶ್ಯಾವಿಗೆ ಹುರಿದು ಪನ್ಸಿತ್ ಎಂದು ಮಾಡುತ್ತಾನೆ, ಹುಣಸೆಹಣ್ಣು ಹಾಕಿ ಸಿನಿಗಾಂಗ್ ಎಂಬ ಸಾರು ಮಾಡುತ್ತಾನೆ.

ಹುಸೇನಮ್ಮ ಉತ್ತರ ಹೇಳಿ ಮುಗಿಸಿದ ಮೇಲೆ ಮಥುರಾ ಕೆಳಗೆ ತಾನೇ ಒಂದು ಸಾಲು ಸೇರಿಸಿದಳು: ಆ ಶ್ಯಾವಿಗೆಗೆ ಒಗ್ಗರಣೆ ಏನು ಹಾಕುತ್ತಾರೆ?

ಒಂದು ಇಡೀ ಪುಟ ಉತ್ತರ ಬಂತು. ಮುಂದಿನ ಕಾಗದದಲ್ಲಿ ಇವಳು ಮೂರು ಪ್ರಶ್ನೆ ಸೇರಿಸಿದಳು, ಅದರಾಚೆಯದರಲ್ಲಿ ಐದು.

"ಈ ಮನಷ್ಯಾಗ ಏನಾಗೈತ್ರಿ ಸಣ್ಣಮ್ಮಾರ?" ಹುಸೇನಮ್ಮ ಕೇಳುತ್ತಿದ್ದಳು. "ಮಗಳು ಹೆಂಗದಾಳ ಅಂತ ಕೇಳೋದು ಬಿಟ್ಟು ಶ್ಯಾವಿಗಿ ಪುರಾಣ ಹಚ್ಯಾನ."

ಮಥುರಾ ಕಾಗದದಿಂದ ತಲೆ ಎತ್ತುತ್ತಿರಲಿಲ್ಲ.

(ಇದು ಕಳವು ಎನ್ನುತ್ತೀರಾ? ಎನ್ನಿ. ಓಣಿಯ ತುದಿಗೆ ಹೋಗಲಿಕ್ಕೂ ಅಣ್ಣನನ್ನು ಕೇಳಬೇಕಾದವಳು ಇನ್ನು ಹೇಗೆ ಸಮುದ್ರ ದಾಟಬೇಕಿತ್ತು?)

೩
ಎಂಬತ್ತಮೂರರಲ್ಲಿ ದಸ್ತಗಿರಿ ಊರಿಗೆ ಬಂದ. ಸ್ಟೇಷನ್ ರಸ್ತೆಯಲ್ಲಿ ಹೋಟೆಲು ಇಟ್ಟ. ಹೆಂಡತಿ ಅಷ್ಟು ಆಸೆಪಟ್ಟು ಕೇಳಿದ್ದಳಲ್ಲ, ಹಾಗಾಗಿ ಭಾನುವಾರ ಮಾತ್ರ ಪನ್ಸಿತ್. ಬೋರ್ಡು ಬರೆದು ಕೊಟ್ಟವಳು ಮಥುರಾ. ಆ ಹೆಸರುಗಳು ಊರಿನಲ್ಲಿ ಮತ್ಯಾರಿಗೆ ಗೊತ್ತಿದ್ದವು?

ಮೊದಲ ಭಾನುವಾರ ತಿಂದು ಬಂದವನು ಅವಳ ಅಣ್ಣ ಅನಂತ. ಆಫೀಸಿನ ಗೆಳೆಯರ ಜತೆ ಹೋಗಿದ್ದ. ಎಲೆಯ ಮುಂದೆ ಮಾತಾಡಬಾರದು ಎಂದು ಮನೆಯಲ್ಲಿ ದಿನಾ ಗದರಿಸುವ ಅನಂತ ಅಂದು ಪಡಸಾಲೆಯಲ್ಲಿ ಕೂತು ಬಾಯಿತುಂಬ ಮಾತಾಡಿದ.

"ಏನೂ ಇಲ್ಲ, ನಮ್ಮ ಶ್ಯಾವಿಗಿ ಉಪ್ಪಿಟ್ಟಿಗೇ ಕರೀ ನೀರು ಹೊಯ್ದಾನ. ಎರಡು ತುತ್ತು ತಿಂದು ಬಿಟ್ಟೆ."

"ನಾನೂ ಹೋಗಿ ತಿಂತೀನಿ ಅಣ್ಣಾ."

"ಹೆಣ್ಮಕ್ಕಳು ಹೋಟೆಲ್‌ನಾಗ ಕೂತು ತಿಂದ್ರ ಚಂದ ಕಾಣ್ತದೇನು? ಬರೋ ವಾರ ಪಾರ್ಸಲ್ ತರ್ತೀನಿ, ತಗೋ."

"ಹೊಗಿ ಆಡೋವಾಗ ನಿಂಬಿಹಣ್ಣು ಹಿಂಡಬೇಕಂತ. ಆರಿದ್ರ ಮುದ್ದಿ ಆಗ್ತದಂತ."

"ನಿನಗ್ಯಾರು ಹೇಳಿದ್ರು?"

ನಿಬ್ಬು ಮುರಿದದ್ದು ಅಂದು. ಎರಡು ತುತ್ತು ತಿಂದವನು ಒಂದು ದೇಶದ ಊಟಕ್ಕೆ ತೀರ್ಪು ಕೊಡಬಹುದು. ಎರಡು ವರ್ಷ ಪುಟಗಟ್ಟಲೆ ಕೇಳಿ, ಓದಿ, ಬೋರ್ಡು ಬರೆದವಳಿಗೆ ಪಾರ್ಸಲ್! ಅದೂ ಅಣ್ಣನಿಗೆ ನೆನಪಿದ್ದರೆ.

೪ (ಇದನ್ನು ಹೊಡೆದು ಹಾಕಬೇಕು)
ಅನಂತ ತಂಗಿಯನ್ನು ಹೋಟೆಲಿಗೆ ಕರೆದುಕೊಂಡು ಹೋದ. ಫ್ಯಾಮಿಲಿ ರೂಮಿನಲ್ಲಿ ಕೂಡಿಸಿದ. ಹಸಿರು ಪರದೆ ಎಳೆದರು. ಮಥುರಾಳ ಕಣ್ಣು ತುಂಬಿ ಬಂತು...

"ಪರದೆ ಯಾಕ ಹಾಕಿದ್ರಿ?" ಮಥುರಾ ಕೇಳಿದಳು. ಅನಂತನನ್ನಲ್ಲ, ಕಥೆ ಬರೆಯುತ್ತಿದ್ದ ನನ್ನನ್ನು.

ಆಗಿನ ಹೋಟೆಲುಗಳಲ್ಲಿ ಹಾಗೇ ಇತ್ತು, ಅದು ವಾಸ್ತವ ಎಂದೆ.

"ವಾಸ್ತವ ಬೇಕಾದ್ರ ನಾ ಡೈರಿ ಬರಕೋತೀನಿ. ನೀವು ಕಥಿ ಬರೀಲಿಕ್ಕೆ ಕೂತೀರಿ. ಪರದೆ ತಗೀರಿ. ಅಣ್ಣನ್ನೂ ತಗೀರಿ. ಮತ್ತ ಆ ಕಣ್ಣೀರು ಯಾರನ್ನ ಕೇಳಿ ಹಾಕಿದ್ರಿ?"

ಮೂರನ್ನೂ ತೆಗೆದೆ. ಬಾಯಿ ಬಿಡದವಳು ಎಂದು ಮೇಲೆ ಬರೆದದ್ದನ್ನೂ ತೆಗೆಯಬೇಕಿತ್ತು.

೪ (ಮತ್ತೆ)
ಭಾನುವಾರ ಮಧ್ಯಾಹ್ನ ಅವಳೊಬ್ಬಳೇ ಹೋದಳು. ಬಾಗಿಲಲ್ಲಿ ನಿಂತಳು. ಬೆಂಚುಗಳ ಮೇಲಿದ್ದ ಗಂಡಸರು ಉಣ್ಣುವುದು ಬಿಟ್ಟು ನೋಡಿದರು.

"ಹೊರಗ್ಯಾಕ ನಿಂತ್ರಿ ಅಮ್ಮಾರ," ದಸ್ತಗಿರಿ ಒಲೆಯ ಹತ್ತಿರದಿಂದ ಎದ್ದು ಬಂದ. "ಪಾರ್ಸಲ್ ಕಟ್ಟಿ ಕೊಡ್ತೀನಿ, ತಡೀರಿ."

"ಪಾರ್ಸಲ್ ಬೇಡ. ಇಲ್ಲೇ ಕೂಡ್ತೀನಿ."

ದನಿ ಎಷ್ಟು ಸಣ್ಣದಿತ್ತೆಂದರೆ ಅವನು ಎರಡು ಸಲ ಕೇಳಬೇಕಾಯಿತು. ಎರಡು ಸಲ ಹೇಳಿದಳು.

"ಒಳಗ ಫ್ಯಾಮಿಲಿ ರೂಮ್ ಐತ್ರಿ."

"ಬೋರ್ಡ್ ಕಾಣೋ ಕಡೆ ಕೂಡ್ತೀನಿ. ಅದನ್ನ ಬರದಾಕಿ ನಾನು."

"ಒಬ್ರೇ ಕುಂತ್ರ ಮಂದಿ ನನಗ ಅಂತಾರ್ರಿ. ನಿಮ್ಮ ಅಣ್ಣಾರು ಕೇಳಿದ್ರ ನಾ ಏನು ಹೇಳ್ಲಿ?"

ಮಥುರಾ ಬೆಂಚಿನ ಅಂಚು ಹಿಡಿದುಕೊಂಡಳು. "ಒಗ್ಗರಣೆ ಏನು ಹಾಕ್ತಾರ ಅಂತ ಕಾಗದದಾಗ ಕೇಳಿದ್ದು ನಾನು. ಹುಸೇನಮ್ಮ ಅಲ್ಲ."

ದಸ್ತಗಿರಿ ಅಡುಗೆಮನೆಯ ಕಡೆ ತಿರುಗಿದ. ಅಡುಗೆಮನೆಯಿಂದ ಹುಸೇನಮ್ಮ ಹೊರಗೆ ಬಂದಳು.

"ನನಗ ಗೊತ್ತೈತಿ," ಎಂದಳು. "ನಾ ಹೇಳ್ತಿದ್ದುದು ಮೂರು ಮಾತು. ಮಗಳು ಸಾಲಿಗಿ ಹೊಂಟಾಳ, ನಿಮ್ಮವ್ವಗ ಮೊಣಕಾಲು ನೋವು, ಯಾವಾಗ ಬರ್ತಿ. ಕಾಗದ ನೋಡಿದ್ರ ಎರಡೂ ಕಡಿ ತುಂಬಿರ್ತಿತ್ತು. ನನಗ ಓದಾಕ ಬರಂಗಿಲ್ಲ, ಕಣ್ಣೂ ಇಲ್ಲೇನು?"

ಸೆರಗಿಗೆ ಕೈ ಒರೆಸಿಕೊಂಡು ಬಂದು, ತನ್ನ ಗಂಡನ ಹೋಟೆಲಿನ ಬೆಂಚಿನ ಮೇಲೆ ಮೊದಲ ಸಲ ಕೂತಳು. "ಕೂಡ್ರಿ ಸಣ್ಣಮ್ಮಾರ. ಈಗ ಒಬ್ರಲ್ಲ ನೀವು." ಆಮೇಲೆ ಗಂಡನ ಕಡೆ ತಿರುಗಿ, "ನೋಡ್ತಿ ಏನು? ಎರಡು ಪ್ಲೇಟ್ ತಾ."

೫
ಪ್ಲೇಟು ಬಂತು. ಕೂದಲೆಳೆಯಂಥ ಶ್ಯಾವಿಗೆ, ಸೀಳಿದ ಬೀನ್ಸು, ಎಲೆಕೋಸು, ಅಂಚಿಗೆ ಅರ್ಧ ನಿಂಬೆ. (ಬೆಳ್ಳುಳ್ಳಿಯ ಬಗ್ಗೆ ಈ ಕಥೆ ಏನೂ ಹೇಳುವುದಿಲ್ಲ, ಅವಳ ಅಮ್ಮ ಓದಿಯಾಳು.) ಹೊಗೆ ಆಡುತ್ತಿತ್ತು. ಮಥುರಾ ನಿಂಬೆ ಹಿಂಡಿದಳು. ಕಾಗದದಲ್ಲಿ ಈ ವಾಸನೆ ಇರಲಿಲ್ಲ.

ಇಲ್ಲಿಗೆ ಎರಡು ಮುಕ್ತಾಯ ಸಿದ್ಧವಿವೆ. ಒಂದರಲ್ಲಿ ಅನಂತ ಬಂದು ಕೂಗಾಡಿ ಅವಳನ್ನು ಎಬ್ಬಿಸಿಕೊಂಡು ಹೋಗುತ್ತಾನೆ. ಇನ್ನೊಂದರಲ್ಲಿ ತಪ್ಪಾಯಿತು ಎನ್ನುತ್ತಾನೆ. ಮೊದಲನೆಯದಕ್ಕೆ ಮಥುರಾ ಒಪ್ಪುವುದಿಲ್ಲ, ಎರಡನೆಯದನ್ನು ಆದವಾನಿಯಲ್ಲಿ ಯಾರೂ ನಂಬುವುದಿಲ್ಲ.

ಅನಂತ ಬಂದದ್ದಂತೂ ನಿಜ. ಬಾಗಿಲಲ್ಲಿ ನಿಂತಿದ್ದಾನೆ. ಅವಳ ಹೆಸರು ಹಿಡಿದು ಎರಡು ಸಲ ಕರೆದಿದ್ದಾನೆ. ದಸ್ತಗಿರಿಗೆ ಬೆವರು ಬಂದಿದೆ. ಹುಸೇನಮ್ಮ ತಲೆ ಎತ್ತದೆ ಉಣ್ಣುತ್ತಿದ್ದಾಳೆ. ನಾನೂ ಬಗ್ಗಿ ಕೇಳಿದೆ: ರುಚಿ ಹೇಗಿದೆ, ಒಂದು ಸಾಲು ಹೇಳು, ಓದುವವರು ಕಾಯುತ್ತಿದ್ದಾರೆ.

ಮಥುರಾ ಇಬ್ಬರಿಗೂ ಉತ್ತರ ಕೊಡಲಿಲ್ಲ. ಎಲೆಯ ಮುಂದೆ ಮಾತಾಡಬಾರದು ಎಂದು ಅವಳಿಗೆ ಕಲಿಸಿದವನು ಅಣ್ಣನೇ. ಮೂರನೆಯ ತುತ್ತು ಎತ್ತಿದಳು.

ತಟ್ಟೆಯಲ್ಲಿ ಇನ್ನೂ ಬಹಳ ಇದೆ.