ಬೆರಳೆತ್ತರದ ಬಿಳಿ ಉಂಗುರ

ಮೂರನೆಯ ಗಾಜಿನ ಸಲಾಕೆಯೂ ಕೆಟ್ಟಿತ್ತು. ಗ್ವೆನೋಲಾ ಅದರ ತುದಿಗೆ ಕೆಂಪು ಬೆಳಕು ಬಿಟ್ಟು ನೋಡಿದಳು. ಬುಡದಿಂದ ಬೆರಳೆತ್ತರದಲ್ಲಿ ಬಿಳಿ ಹರಳುಗಳು ಉಂಗುರದಂತೆ ಹೊಳೆದವು.

"ಮತ್ತೆ ಮುತ್ತು ಕಟ್ಟಿದ್ಯಾ?" ಎಂದ ಮೇಲ್ವಿಚಾರಕ ಎರ್ವೆ. "ಪಕ್ಕದ ಕೋಣೆ ಗೂಲ್ವೆನ್‌ಗೆ ಕೊಟ್ಟುಬಿಡೋಣ. ಅವನು ಗಾಜನ್ನ ಮತ್ತೆ ಕಾಯಿಸಿ ಬೇಕಂತಲೇ ಹರಳು ಸಾಕ್ತಾನಲ್ಲ."

"ಅವನ ಹರಳು ಬೆಳಕಿಗೇ ಗೊತ್ತಾಗದಷ್ಟು ಸಣ್ಣವು. ಇವನ್ನ ನಮ್ಮಜ್ಜಿ ಕನ್ನಡಕ ಇಲ್ಲದೆ ಎಣಿಸ್ತಾರೆ," ಎಂದಳು ಎನೋರಾ. ಪುಡಿ ಒಣಗಿಸುವ ಕೆಲಸಕ್ಕೆ ಹೊಸದಾಗಿ ಸೇರಿದವಳು.

ರೆನ್ ಪಟ್ಟಣದಾಚೆಯ ಆ ಸಣ್ಣ ಕಾರ್ಖಾನೆಯ ಗಾಜಿನಲ್ಲಿ ಮರಳಿನ ಕಣವೂ ಇಲ್ಲ. ಜಿರ್ಕೋನಿಯಂ, ಬೇರಿಯಂ, ಲ್ಯಾಂಥನಂ, ಅಲ್ಯೂಮಿನಿಯಂ, ಸೋಡಿಯಂ, ಈ ಐದರ ಫ್ಲೋರೈಡ್ ಪುಡಿಗಳನ್ನು ಕರಗಿಸಿದರೆ ನೀರಿನಷ್ಟು ತೆಳ್ಳಗೆ ಹರಿಯುತ್ತದೆ. ಮಾಮೂಲಿ ಗಾಜು ತಡೆದು ನಿಲ್ಲಿಸುವ, ಕಣ್ಣಿಗೆ ಕಾಣದ ಶಾಖದ ಬೆಳಕು ಇದರೊಳಗೆ ಸಲೀಸಾಗಿ ಹಾಯುತ್ತದೆ. ಆದರೆ ಮಹಾ ಮುಂಗೋಪಿ. ಪುಡಿಗೆ ತೇವ ತಾಗಿದರೂ ಕೆಡುತ್ತದೆ, ಅಚ್ಚಿಗೆ ಹುಯ್ಯುವಾಗ ಕೈ ತಡೆದರೂ ಕೆಡುತ್ತದೆ. ಒಣಗಾಳಿಯ ಪೆಟ್ಟಿಗೆಗೆ ಜೋಡಿಸಿದ ದಪ್ಪ ರಬ್ಬರಿನ ಕೈಗವಸುಗಳಲ್ಲಿ ತೋಳು ತೂರಿಸಿ ಇಪ್ಪತ್ತೊಂಬತ್ತು ವರ್ಷ ಹುಯ್ದವಳು ಗ್ವೆನೋಲಾ. ಈಚೆಗೆ ಅವಳ ಬಲಭುಜ ರಾತ್ರಿಯೆಲ್ಲ ನಿದ್ದೆಗೆಡಿಸುತ್ತಿತ್ತು.

ಎನೋರಾ ಕಾಫಿ ತರಲು ಹೋದಾಗ ಎರ್ವೆ ದನಿ ತಗ್ಗಿಸಿದ. "ಎಂಟು ದಿನದಿಂದ ಮಳೆ. ಹುಡುಗಿ ಪುಡಿ ಸರಿಯಾಗಿ ಒಣಗಿಸಿಲ್ಲ. ಶುಕ್ರವಾರಕ್ಕೆ ಅವಳನ್ನ ಪರೀಕ್ಷೆಗೆ ಇಟ್ಟುಕೊಂಡ ಅವಧಿ ಮುಗಿಯುತ್ತೆ. ಬೇಡ ಅಂದುಬಿಡ್ತೀನಿ."

ಗ್ವೆನೋಲಾ ಸಲಾಕೆಯನ್ನು ಮೇಜಿನ ಮೇಲಿಟ್ಟಳು. ತಪ್ಪು ಪುಡಿಯದಲ್ಲವೆಂದು ಮೊದಲ ಸಲಾಕೆಯಲ್ಲೇ ಅವಳಿಗೆ ಗೊತ್ತಾಗಿತ್ತು. ಎರಡನೆಯದರಲ್ಲಿ ಮಳೆಯನ್ನು ಬೈದಿದ್ದಳು. ಈಗ ಬೈಯಲೂ ಆಯಾಸ. ಸುಮ್ಮನಿದ್ದರೆ ಸಾಕು, ಆ ಪೆಟ್ಟಿಗೆ ಅವಳದೇ ಆಗಿರುತ್ತದೆ.

ಎನೋರಾ ಮೂರು ಲೋಟ ಹಿಡಿದು ಬಂದಳು. ಗ್ವೆನೋಲಾಳ ಲೋಟವನ್ನು ಎಡಗೈ ಕಡೆಗೇ ಇಟ್ಟಳು. ಯಾರೂ ಹೇಳಿರಲಿಲ್ಲ.

"ಎರ್ವೆ, ಇಲ್ಲಿ ನೋಡು," ಎಂದಳು ಗ್ವೆನೋಲಾ. ಮೂರೂ ಸಲಾಕೆಗಳನ್ನು ಒತ್ತಾಗಿ ನಿಲ್ಲಿಸಿದಳು. "ತೇವ ಆಗಿದ್ರೆ ಮೈತುಂಬಾ ಚುಕ್ಕೆ ಇರ್ತಿತ್ತು. ಇಲ್ಲಿರೋದು ಉಂಗುರ. ಮೂರರಲ್ಲೂ ಒಂದೇ ಎತ್ತರ."

"ಅಂದ್ರೆ?"

"ಅಲ್ಲಿ ನನ್ನ ಕೈ ನಿಂತಿತ್ತು. ಗಾಜು ಕರಗಿಸಿದ ಮೂಸೆ ಬಗ್ಗಿಸ್ತಾ ಅರ್ಧಕ್ಕೆ ಬಂದಾಗ ಭುಜ ಹಿಡ್ಕೊಳ್ಳುತ್ತೆ."

ಎರ್ವೆ ಕಾಫಿ ಕಲಕಿದ, ಸಕ್ಕರೆಯನ್ನೇ ಹಾಕಿಕೊಂಡಿರಲಿಲ್ಲ. "ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ನಲ್ಲ ಈಗ."

ಮಧ್ಯಾಹ್ನ ಎನೋರಾ ಕೈಗವಸಿನೊಳಗೆ ತೋಳು ತೂರಿಸಿದಳು. ಅದೇ ಪುಡಿ, ಅದೇ ಹಿತ್ತಾಳೆಯ ಅಚ್ಚು. ಗ್ವೆನೋಲಾ ಅವಳ ಪಕ್ಕಕ್ಕೇ ನಿಂತಳು.

"ಉಸಿರು ಹಿಡೀಬೇಡ ಕಣೇ. ಹಿಡಿದ್ರೆ ಕೈಯೂ ನಿಲ್ಲುತ್ತೆ. ಹ್ಞಾಂ, ಬಗ್ಗಿಸು. ಬಗ್ಗಿಸ್ತಾನೇ ಇರು."

ಸಲಾಕೆ ನಿಧಾನವಾಗಿ ಆರುತ್ತ ರಾತ್ರಿ ಕಳೆಯಿತು. ಬೆಳಿಗ್ಗೆ ಎರ್ವೆ ದೀಪ ಆರಿಸಿ ಕೆಂಪು ಬೆಳಕು ಬಿಟ್ಟ. ಒಳಗೆ ಒಂದು ಹರಳೂ ಕಾಣಲಿಲ್ಲ. ಬೆಳಕು ಹೊರಬಿದ್ದು ಆಚೆ ಗೋಡೆಯ ಮೇಲೆ ಚುಕ್ಕೆಯಾಗಿ ನಿಂತಿತ್ತು.

"ಶುಕ್ರವಾರ ಬಂದು ಕಾಯಂ ಕೆಲಸದ ಕಾಗದಕ್ಕೆ ಸಹಿ ಹಾಕು," ಎಂದ ಎನೋರಾಳಿಗೆ.

ಗ್ವೆನೋಲಾ ಪುಡಿ ಒಣಗಿಸುವ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತಳು. ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಬಾ ಇಲ್ಲಿ. ಇದನ್ನ ಹೇಗೆ ಒಣಗಿಸ್ತೀಯ, ತೋರಿಸು. ನಂಗೆ ಮರೆತೇಹೋಗಿದೆ."