ಕಿಟಕಿಯ ಬೆಳಕಿಗೆ ಇಟ್ಟದ್ದು

ತರೀಕೆರೆಯಿಂದ ಧರ್ಮೇಶನ ಫೋನು ಬಂದಾಗ ವೇರಾ ಕಡೂರಿನ ಮನೆಯ ಮಹಡಿಯಲ್ಲಿ ಕುಳಿತು ಅರ್ಜಿಯೊಂದನ್ನು ತುಂಬುತ್ತಿದ್ದಳು. ಹೊರದೇಶದ ಚಿತ್ರೋತ್ಸವದವರು ಅವಳ ಮೂರನೆಯ ಚಿತ್ರವನ್ನು ಆರಿಸಿಕೊಂಡಿದ್ದರು. ‘ನಿರ್ದೇಶಕರ ದೇಶ’ ಎಂಬ ಕಡೆ ಒಂದೇ ಹೆಸರಿಗೆ ಜಾಗವಿತ್ತು. ಎರಡು ಸಲ ಬರೆದು ಎರಡು ಸಲ ಅಳಿಸಿದ್ದಳು.

ಧರ್ಮೇಶ್ ತರೀಕೆರೆಯಲ್ಲಿ ಮದುವೆ ವಿಡಿಯೋಗಳ ಸ್ಟುಡಿಯೋ ಇಟ್ಟುಕೊಂಡವನು. ಅವಳ ಚಿತ್ರದ ಧ್ವನಿಯ ಕೆಲಸ ಅವನದೇ. ಸಾಮಾನ್ಯವಾಗಿ ಫೋನಿನಲ್ಲಿ ಎರಡು ಜೋಕು ಹೊಡೆಯದೆ ವಿಷಯಕ್ಕೆ ಬರುವವನಲ್ಲ. ಆವತ್ತು ಮಾತ್ರ ನೇರವಾಗಿ ಹೇಳಿದ.

“ಅಕ್ಕಾ, ಕಿಟಕಿ ಸೀನಲ್ಲಿ ಅಜ್ಜಿ ಸೆರಗಿಗೆ ಹಾಕಿದ್ದ ಮೈಕಿಂದು ಬೇರೆ ತೆಗೆದು ಕೇಳ್ದೆ. ನೀವು ಬಂದು ಕೇಳ್ಬೇಕು. ಫೋನಲ್ಲಿ ಬ್ಯಾಡ.”

ಕ್ಯಾಮರಾದ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ತರೀಕೆರೆಯ ಬಸ್ಸಿನಲ್ಲಿ ಕುಳಿತಾಗ ಅವಳಿಗೆ ಬಂದದ್ದು ತಾಂತ್ರಿಕ ಚಿಂತೆ ಮಾತ್ರ. ಮೈಕು ಸೆರಗಿಗೆ ಉಜ್ಜಿ ಕರಕರ ಎಂದಿರಬೇಕು, ಅಥವಾ ಅಷ್ಟು ಭಾಗ ಪೂರ್ತಿ ಹಾಳಾಗಿರಬೇಕು. ಆ ದೃಶ್ಯ ಹಾಳಾದರೆ ಚಿತ್ರವೇ ಇಲ್ಲ.

ವೇರಾಳ ಅಪ್ಪ ಮಹೇಂದ್ರ ಅಜ್ಜಂಪುರದ ಲಿಂಗಾಯತರ ಮನೆಯವನು. ಕಾರ್ಖಾನೆಯ ತರಬೇತಿಗೆಂದು ಚೆಕ್ ದೇಶದ ಬ್ರನೋ ನಗರಕ್ಕೆ ಹೋಗಿ ಅಲ್ಲಿಯವಳನ್ನೇ ಮದುವೆಯಾದ. ಆ ಸಂಬಂಧ ಹತ್ತು ವರ್ಷ ಬಾಳಿತು. ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದವನು ಅಜ್ಜಂಪುರಕ್ಕೆ ಹೋಗಲಿಲ್ಲ. ಅವನ ಅಪ್ಪ ಮಲ್ಲಿಕಾರ್ಜುನಯ್ಯ ಹೊಸ್ತಿಲು ದಾಟಬೇಡ ಎಂದಿದ್ದರು. ಕಡೂರಿನಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ತೆರೆದ. ಕೊರಳಿನ ಲಿಂಗವನ್ನು ಎಂದೋ ತೆಗೆದಿಟ್ಟಿದ್ದ. ಮಗಳು ಕೇಳಿದರೆ “ಅದೊಂದು ಕಲ್ಲು ಕಣೆ” ಎಂದು ತಂತಿ ಸುತ್ತುವುದರಲ್ಲಿ ಮುಳುಗುತ್ತಿದ್ದ. ಮಗಳಿಗೆ ದೀಕ್ಷೆ ಕೊಡಿಸುವ ಮಾತೇ ಬರಲಿಲ್ಲ.

ಅಜ್ಜಿ ತೀರ್ಥಮ್ಮ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರ ನೆಪ ಹೇಳಿ ಕಡೂರಿಗೆ ಬರುತ್ತಿದ್ದಳು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು, ಅರ್ಧ ಗಂಟೆ ಬರೀ ಮುಖ ನೋಡಿ, ವಾಪಸ್ಸು ಹೋಗುತ್ತಿದ್ದಳು. ವೇರಾ ಎನ್ನುವುದು ಅವಳ ಬಾಯಲ್ಲಿ ವೀರಮ್ಮ ಆಗಿತ್ತು.

ವೇರಾ ಮುಂದೆ ತಾಯಿಯ ಊರಿಗೆ ಹೋಗಿ ಸಿನಿಮಾ ಕಲಿತಳು. ಅಲ್ಲಿನ ದ್ರಾಕ್ಷಿ ತೋಟದ ಕೂಲಿ ಹೆಂಗಸರ ಮೇಲೆ ಮೊದಲ ಸಾಕ್ಷ್ಯಚಿತ್ರ ಮಾಡಿದಾಗ, ಇದು ಹೊರಗಿನವಳ ಕಣ್ಣು ಎಂದು ವಿಮರ್ಶಕರು ಬರೆದರು. ತಾಯಿ ತೀರಿಕೊಂಡ ಮೇಲೆ ಕಡೂರಿಗೆ ಬಂದು ತರೀಕೆರೆಯ ಸಂತೆಯ ಮೇಲೆ ಎರಡನೆಯದು ಮಾಡಿದಳು. ಇಲ್ಲಿಯೂ ಅದೇ ಮಾತು, ಭಾಷೆ ಮಾತ್ರ ಬೇರೆ. ಎರಡು ಚಿತ್ರಗಳೂ ಎಲ್ಲೂ ಓಡಲಿಲ್ಲ. ಅಪ್ಪನೂ ಹೋದ. ಅವಳಿಗೆ ನಲವತ್ತು ದಾಟಿತು.

ಮಲ್ಲಿಕಾರ್ಜುನಯ್ಯನವರು ತೀರಿದ ಮೇಲೆ ಚಿಕ್ಕಪ್ಪ ಓಂಕಾರೇಶ್ ತಾನೇ ಕಡೂರಿಗೆ ಬಂದು, ನಮ್ಮಣ್ಣನ ಮಗಳು ಬಸ್ ಸ್ಟ್ಯಾಂಡಿನಲ್ಲಿ ಯಾಕೆ ಕೂರಬೇಕು ಎಂದು ಅವಳನ್ನು ಮನೆಗೆ ಕರೆದೊಯ್ದ. ಅವನ ಹೆಂಡತಿ ಸೌಮ್ಯ ಪ್ರತಿಸಲ ವೇರಾ ಹೊರಡುವಾಗ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕುತ್ತಿದ್ದಳು. ಮೂರನೆಯ ಚಿತ್ರ ಹುಟ್ಟಿದ್ದು ಆ ಮನೆಯಲ್ಲಿ, ಎಂಬತ್ತಾರು ವರ್ಷದ ಅಜ್ಜಿಯ ದಿನನಿತ್ಯದ ಬದುಕಿನ ಮೇಲೆ. ಇದನ್ನಾದರೂ ಒಳಗಿನವಳಾಗಿ ಮಾಡುತ್ತಿದ್ದೇನೆ ಎಂದು ವೇರಾ ನಂಬಿದ್ದಳು. ಆ ನಂಬಿಕೆ ಬಿಟ್ಟರೆ ಅವಳ ಹತ್ತಿರ ಬೇರೆ ಆಸ್ತಿಯಿರಲಿಲ್ಲ.

ಧರ್ಮೇಶ್ ಸ್ಟುಡಿಯೋದ ಬಾಗಿಲು ಹಾಕಿ ಹೆಡ್‌ಫೋನು ಕೊಟ್ಟ. ತಾನು ಗೋಡೆಯ ಕಡೆ ತಿರುಗಿ ನಿಂತ.

ಆ ದೃಶ್ಯ ಅವಳಿಗೆ ಬಾಯಿಪಾಠ. ಬೆಳಗಿನ ಪೂಜೆ. ಅಜ್ಜಿ ಬೆಳ್ಳಿಯ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತಾಳೆ. ಕೈ ನಡುಗುತ್ತಿತ್ತು, ಎಷ್ಟು ಪ್ರಯತ್ನಿಸಿದರೂ ಫೋಕಸ್ ನಿಲ್ಲಲಿಲ್ಲ. ಅಜ್ಜಿ, ಅದನ್ನು ಕಿಟಕಿ ಹತ್ತಿರ ತಟ್ಟೆಯಲ್ಲಿಡು, ಒಂದೇ ನಿಮಿಷ ಎಂದು ವೇರಾ ಕೇಳಿದ್ದಳು. ಇಡಲೇಬೇಕಾ ಎಂದು ಅಜ್ಜಿ ಒಂದು ಸಲ ಕೇಳಿದಳು. ಬೆಳಕು ಚೆನ್ನಾಗಿದೆ ಎಂದಳು ಇವಳು. ಅಜ್ಜಿ ಇಟ್ಟಳು. ತಟ್ಟೆಯ ಹಿತ್ತಾಳೆ, ಎಳೆ ಬಿಸಿಲು, ಕಪ್ಪು ಲಿಂಗ, ಅದರ ಹಿಂದೆ ಮಸುಕಾಗಿ ಒಂದು ಬರಿಗೈ. ಆಯ್ಕೆ ಸಮಿತಿಯವರು ಹೊಗಳಿ ಬರೆದದ್ದು ಅದನ್ನೇ. ಆಗ ಅಜ್ಜಿಯ ತುಟಿ ಅಲುಗಿದ್ದನ್ನು ಮಂತ್ರ ಎಂದುಕೊಂಡು, ಕ್ಯಾಮರಾದ ಮೈಕಿನಲ್ಲಿ ಬಂದ ಕಾಗೆ ಕೂಗನ್ನೇ ಇಟ್ಟು ವೇರಾ ದೃಶ್ಯ ಕತ್ತರಿಸಿದ್ದಳು. ಸೆರಗಿನ ಮೈಕನ್ನು ಕೇಳಿರಲೇ ಇಲ್ಲ.

ಈಗ ಕೇಳಿದಳು. ಕಿವಿಯ ಪಕ್ಕದಲ್ಲೇ ಕುಳಿತು ಹೇಳಿದಂತಿತ್ತು.

“ಮಗೀಗೆ ಗೊತ್ತಿಲ್ಲ ಕಣಪ್ಪಾ ಶಿವನೇ. ತಪ್ಪು ಅದರ ಮ್ಯಾಲೆ ಹಾಕ್ಬ್ಯಾಡ. ನನ್ನ ಊಟ ಇವತ್ತಿಗೆ ಮುಗೀತು.”

ಆಮೇಲೆ ದೂರದಿಂದ ವೇರಾಳದೇ ಉತ್ಸಾಹದ ದನಿ: “ಅಜ್ಜಿ, ಇನ್ನೊಂದ್ಸಲ.”

ಮೂರು ಸಲ ಇಡಿಸಿದ್ದಳು.

ಧರ್ಮೇಶ್ ಗೋಡೆ ನೋಡಿಕೊಂಡೇ ವಿವರಿಸಿದ. ಲಿಂಗ ಅಂಗೈ ಮೇಲೆ ಬರಬಹುದು, ಮೈ ಬಿಟ್ಟು ದೂರ ಹೋಗಬಾರದು. ಹೋದರೆ, ಮಠದಲ್ಲಿ ಮತ್ತೆ ಕಟ್ಟಿಸಿಕೊಳ್ಳುವ ತನಕ ಅನ್ನ ಮುಟ್ಟಬಾರದು ಎನ್ನುವುದು ಹಿಂದಿನವರ ಕಟ್ಟಳೆ. ಈಗ ಅಷ್ಟೆಲ್ಲ ಯಾರು ನಡೆಸುತ್ತಾರೆ, ನಾನೇ ಕ್ರಿಕೆಟ್ ಆಡುವಾಗ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ ಎಂದು ಸಮಾಧಾನ ಹೇಳಹೊರಟವನು, ಅರ್ಧಕ್ಕೇ ಸುಮ್ಮನಾದ. ಆ ದೃಶ್ಯ ತೆಗೆದ ಇಪ್ಪತ್ತೆರಡನೆಯ ದಿನಕ್ಕೆ ತೀರ್ಥಮ್ಮ ತೀರಿಕೊಂಡದ್ದು ಅವನಿಗೂ ಗೊತ್ತಿತ್ತು.

ಆ ಇಪ್ಪತ್ತೆರಡು ದಿನಗಳಲ್ಲಿ ವೇರಾ ನಾಲ್ಕು ಸಲ ಅಜ್ಜಂಪುರಕ್ಕೆ ಹೋಗಿದ್ದಳು. ಅಜ್ಜಿ ತಟ್ಟೆ ಸರಿಸಿ, ಆಗಲೇ ತಿಂದೆ ಕಣವ್ವ, ಹೊಟ್ಟೆ ಸರಿಯಿಲ್ಲ ಎಂದದ್ದನ್ನು ಚಿತ್ರಿಸಿಕೊಂಡಿದ್ದಳು. ಸರಿಸಿದ ಆ ತಟ್ಟೆ ಮುಪ್ಪಿನ ಒಳ್ಳೆಯ ಚಿತ್ರ ಎಂದು ಚಿತ್ರದಲ್ಲಿ ಎರಡು ಕಡೆ ಬಳಸಿದ್ದಳು.

ಈ ಸದ್ದನ್ನು ಅಳಿಸಿಬಿಡಲಾ ಎಂದು ಧರ್ಮೇಶ್ ಕೇಳಿದ. ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಹೇಳಿದ. ವೇರಾ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ಅಳಿಸಿದರೆ ಚಿಕ್ಕಪ್ಪನ ಮನೆ ಉಳಿಯುತ್ತಿತ್ತು, ಚಿತ್ರವೂ ಉಳಿಯುತ್ತಿತ್ತು. ಆದರೆ ಆ ಮನೆಯಲ್ಲಿ ಮತ್ತೆ ಕೂತು ಸೌಮ್ಯ ಬಡಿಸಿದ್ದನ್ನು ಹೇಗೆ ತಿನ್ನುವುದು? ಹೇಳದೆ ತಿನ್ನುವುದು ಅವಳಿಂದಾಗದ ಕೆಲಸ. ಸದ್ದನ್ನು ಫೋನಿಗೆ ಹಾಕಿಸಿಕೊಂಡು ಅಜ್ಜಂಪುರದ ಬಸ್ಸು ಹತ್ತಿದಳು. ಹೇಳಿದರೆ ಬೈದಾರು, ಹೊಡೆದಾರು, ಆಮೇಲೆ ಅತ್ತು ಕ್ಷಮಿಸಿಯಾರು ಎಂಬ ಸಣ್ಣ ಆಸೆಯೊಂದು ದಾರಿಯುದ್ದಕ್ಕೂ ಜೊತೆಗಿತ್ತು. ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಓಂಕಾರೇಶ್ ಗೊಬ್ಬರದಂಗಡಿಯಿಂದ ಊಟಕ್ಕೆ ಬಂದಿದ್ದ. ವೇರಾ ನಿಂತುಕೊಂಡೇ ಹೇಳಿದಳು. ತಟ್ಟೆ, ಬೆಳಕು, ಮೂರು ಸಲ, ಎಲ್ಲ. ಒಳಗೆ ಸೌಮ್ಯ ರೊಟ್ಟಿ ತಟ್ಟುವ ಸದ್ದು ನಿಂತಿತು.

ಓಂಕಾರೇಶನಿಗೆ ಆಶ್ಚರ್ಯವಾಗಲಿಲ್ಲ.

“ನಮಗೆ ಮೂರನೇ ದಿನಾನೇ ಗೊತ್ತಾಯ್ತು,” ಎಂದ. “ಅಮ್ಮ ತಾನೇ ಹೇಳಿದ್ಲು. ಮಠಕ್ಕೆ ಹೋಗಾಣ ಬಾ ಅಂತ ಕಾಲು ಹಿಡ್ಕೊಂಡೆ. ಹೋದ್ರೆ ಹೆಂಗಾಯ್ತು ಅಂತ ಕೇಳ್ತಾರೆ, ಹುಡ್ಗಿ ಹೆಸರು ಹೇಳ್ಬೇಕಾಗ್ತದೆ, ಆಮೇಲೆ ಅವಳು ಈ ಮನೆಗೆ ಬರೋದು ನಿಂತೋಯ್ತದೆ, ಬ್ಯಾಡ ಅಂದ್ಲು. ನಿನಗೆ ಹೇಳಲ್ಲ ಅಂತ ನನ್ ಕೈಲಿ ಆಣೆ ಮಾಡಿಸ್ಕೊಂಡ್ಲು.”

ವೇರಾಗೆ ಮಣ್ಣಿನ ದಿನ ನೆನಪಾಯಿತು. ತೋಟದಲ್ಲಿ ಗುಣಿ ತೋಡಿ ಅಜ್ಜಿಯನ್ನು ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ವಿಭೂತಿ ತುಂಬುವಾಗ ಹನಿ ಬಿದ್ದಿತ್ತು. ಕ್ಯಾಮರಾ ನೆನೆಯದಂತೆ ತನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತವನು ಈ ಓಂಕಾರೇಶನೇ.

ಅವನು ಫೋನಿಗೆ ಕೈ ಚಾಚಿದ. ಅಮ್ಮನ ದನಿ ಕೇಳಬೇಕು ಎಂದ. ವೇರಾ ಹಾಕಿದಳು. ಅವನು ಕಿವಿಗಿಟ್ಟುಕೊಂಡು ಕೇಳಿದ. ಕೊನೆಯಲ್ಲಿ ‘ಇನ್ನೊಂದ್ಸಲ’ ಎನ್ನುವುದು ಅಷ್ಟು ದೂರ ನಿಂತವಳಿಗೂ ಕೇಳಿಸಿತು. ಅವನು ಫೋನನ್ನು ಮೆಲ್ಲನೆ ಬೆಂಚಿನ ಮೇಲಿಟ್ಟ, ಬಿಸಿ ಪಾತ್ರೆ ಇಡುವವನಂತೆ.

ಆ ದೃಶ್ಯ ತೆಗೆದುಬಿಡುತ್ತೇನೆ ಎಂದಳು ವೇರಾ.

“ತಗುದ್ರೆ ಅಮ್ಮ ಬತ್ತಾಳಾ?”

ಓಂಕಾರೇಶ್ ಟವೆಲಿನಿಂದ ಮುಖ ಒರೆಸಿಕೊಂಡ.

“ನಿನಗೆ ಗೊತ್ತಿಲ್ಲ ಅಂತ ಇಷ್ಟು ದಿನ ನಿನ್ ಮುಖ ನೋಡ್ತಿದ್ದೆ ವೀರಮ್ಮ. ಗೊತ್ತಿಲ್ದೋರ ಮೇಲೆ ಯಾವ ಸಿಟ್ಟು ಮಾಡಾದು? ಈಗ ನಿನಗೂ ಗೊತ್ತು, ನನಗೂ ಗೊತ್ತು. ಇನ್ನು ನನ್ ಕೈಲಿ ಆಗಲ್ಲ. ನೀನ್ಯಾಕೆ ಬಂದು ಹೇಳ್ದೆ?” ಅದು ಪ್ರಶ್ನೆಯಂತೆ ಇರಲಿಲ್ಲ. ಎದ್ದು ನಿಂತ. “ಊಟ ಮಾಡ್ಕೊಂಡು ಹೋಗು. ಈ ಮನೇಲಿ ಉಪವಾಸ ಸಾಕು. ಆಮೇಲೆ ಬರ್ಬ್ಯಾಡ.”

ಸೌಮ್ಯ ಬಡಿಸಿದಳು. ರೊಟ್ಟಿ, ಹುರುಳಿ ಸಾರು, ಎಣ್ಣೆಗಾಯಿ. ವೇರಾ ಒಂದು ಚೂರನ್ನೂ ಬಿಡದೆ ತಿಂದಳು; ತಟ್ಟೆ ಸರಿಸುವ ಹಕ್ಕು ತನಗಿಲ್ಲ ಎನಿಸಿತ್ತು. ಅಜ್ಜಿ ಕೂರುತ್ತಿದ್ದ ಕಿಟಕಿಯ ಕಡೆ ನೋಡಲಿಲ್ಲ. ಹೊರಡುವಾಗ ಸೌಮ್ಯ ಬಾಗಿಲ ತನಕ ಬಂದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು, ಒಳಗೆ ಹೋದಳು.

ಅಜ್ಜಂಪುರದ ಸ್ಟೇಷನ್ನಿನಲ್ಲಿ ಬೀರೂರಿನ ಗಾಡಿಗೆ ಇನ್ನೂ ಸಮಯವಿತ್ತು. ವೇರಾ ಚಿತ್ರೋತ್ಸವದವರಿಗೆ ಬರೆದಳು: ಚಿತ್ರವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ದಯವಿಟ್ಟು ತೋರಿಸಬೇಡಿ. ಹತ್ತೇ ನಿಮಿಷದಲ್ಲಿ, ಕಾರಣ ತಿಳಿಸಬಹುದೇ ಎಂದು ಮರ್ಯಾದೆಯ ಉತ್ತರ ಬಂತು. ತಾಯಿಯ ಭಾಷೆಯಲ್ಲಿ ಒಂದು ವಾಕ್ಯ ಯೋಚಿಸಿದಳು, ಕನ್ನಡದಲ್ಲಿ ಒಂದು ಯೋಚಿಸಿದಳು. ತಾಯಿಯ ಭಾಷೆಯಲ್ಲಿ ಕರಡಿಗೆಗೆ ಪದವಿರಲಿಲ್ಲ. ಕನ್ನಡದಲ್ಲಿ ಕಾರಣ ಹೇಳಬೇಕಾದವರಿಗೆ ಆಗಲೇ ಹೇಳಿ ಮುಗಿದಿತ್ತು. ಫೋನು ಆರಿಸಿದಳು.

ಗಾಡಿ ಬೀರೂರು ಮುಟ್ಟುವಾಗ, ಪ್ರತಿಸಲದಂತೆ, ಬ್ಯಾಗಿನ ಮೇಲೆ ಕೈಯಿಟ್ಟು ರೊಟ್ಟಿ ಇನ್ನೂ ಬಿಸಿ ಇದೆಯೇ ಎಂದು ನೋಡಿದಳು. ಒಳಗೆ ಕ್ಯಾಮರಾ ಇತ್ತು, ತಣ್ಣಗೆ.